ವಿಕೆಟ್ಟಿನ ಹಿಂದಿನ ಜಾಗ ಯಾರಪ್ಪನ ಸೊತ್ತು?

ಹಾಸ್ಟೆಲ್ಲಿನಲ್ಲಿ ಕ್ರಿಕೆಟ್ ಮಾತು ಶುರುವಾದರೆ ರಾತ್ರಿ ಹನ್ನೆರಡಾದರೂ ಮುಗಿಯೋದಿಲ್ಲ. ಯಾರು ಎಷ್ಟು ರನ್ ಹೊಡೆದರು, ಯಾರು ಎಷ್ಟು ವಿಕೆಟ್ ಕಿತ್ತರು, ಎಲ್ಲ ನಮಗೆ ಬಾಯಿಪಾಠ. ಆದರೆ ಆ ಹನ್ನೊಂದು ಜನರನ್ನು ಆರಿಸಿದವರು ಯಾರು, ಯಾವ ಅಳತೆಗೋಲು ಹಿಡಿದು ಆರಿಸಿದರು ಅಂತ ಕೇಳಿ ನೋಡಿ, ಮಾತು ಅಲ್ಲಿಗೇ ನಿಂತುಹೋಗುತ್ತೆ. "ಮೆರಿಟ್ ಇದ್ದೋರನ್ನ ಆರಿಸ್ತಾರೆ, ಇನ್ನೇನು?" ಅನ್ನೋ ಉತ್ತರ ಬರುತ್ತೆ. ಮೆರಿಟ್! ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನಾವು ಎಚ್ಚರವಾಗಬೇಕು. ಸೀಟು ಕೇಳಲು ಹೋದಾಗ, ಕೆಲಸ ಕೇಳಲು ಹೋದಾಗ ನಮ್ಮ ಮುಖಕ್ಕೆ ಎಸೆದದ್ದು ಇದೇ ಮಾತನ್ನು. ಹಾಗಾದರೆ ಈ ಮೆರಿಟ್ಟನ್ನು ಅಳೆಯೋದು ಹೇಗೆ, ಅಳೆಯೋರು ಯಾರು ಅನ್ನೋದನ್ನು ನಾವೂ ಒಂದು ಸಾರಿ ಅಳೆದು ನೋಡೋಣ.

ಅದಕ್ಕಾಗಿ ಒಂದು ಸಣ್ಣ ವಿಷಯ ಎತ್ತಿಕೊಂಡಿದ್ದೇವೆ. ಒಂದು ದೇಶದ ಟೆಸ್ಟ್ ತಂಡಕ್ಕೆ ವಿಕೆಟ್ ಕೀಪರನನ್ನು ಆರಿಸೋದು ಹೇಗೆ? ದೇಶ ದಕ್ಷಿಣ ಆಫ್ರಿಕಾ. "ಅಲ್ಲೀದು ನಮಗ್ಯಾಕೆ?" ಅನ್ನಬೇಡಿ. ಅಲ್ಲಿ ಚರ್ಮದ ಬಣ್ಣ, ಇಲ್ಲಿ ಜಾತಿ. ಅಲ್ಲಿ ಕನಿಷ್ಠ ಪಕ್ಷ ಲೆಕ್ಕವನ್ನಾದರೂ ಇಡ್ತಾರೆ. ತಂಡದಲ್ಲಿ ಬಿಳಿಯರೆಷ್ಟು, ಕಪ್ಪು ಆಫ್ರಿಕನರೆಷ್ಟು ಅಂತ ಬಹಿರಂಗವಾಗಿ ಎಣಿಸ್ತಾರೆ, ಜಗಳ ಆಡ್ತಾರೆ. ನಮ್ಮಲ್ಲಿ ಎಣಿಸೋದೇ ಇಲ್ಲ. ಎಣಿಸಲು ಹೊರಟವನೇ ಜಾತಿವಾದಿ ಅನ್ನಿಸಿಕೊಳ್ತಾನೆ. ಎಣಿಕೆ ಇರುವ ಕಡೆ ಏನಾಯಿತು ಅಂತ ತಿಳಿದುಕೊಂಡರೆ, ಎಣಿಕೆಯೇ ಇಲ್ಲದ ಕಡೆ ಏನಾಗುತ್ತಿರಬಹುದು ಅನ್ನೋದು ತಾನಾಗಿಯೇ ಹೊಳೆಯುತ್ತೆ.

ಮೊದಲು ಕೀಪರನ ಕೆಲಸ ನೋಡಿ. ಟೆಸ್ಟಿನಲ್ಲಿ ದಿನಕ್ಕೆ 90 ಓವರು, ಅಂದರೆ 540 ಬಾಲು. ದಿನವಿಡೀ ಫೀಲ್ಡಿಂಗ್ ಮಾಡಿದರೆ ಕೀಪರ್ 540 ಸಲ ಕೂತು ಏಳಬೇಕು. ಬ್ಯಾಟ್ಸ್‌ಮನ್ ಬಿಟ್ಟ ಪ್ರತಿ ಬಾಲೂ ಇವನ ಕೈಗೆ. ನೂರು ಹಿಡಿದರೆ ಯಾರೂ ಚಪ್ಪಾಳೆ ತಟ್ಟಲ್ಲ, ಒಂದು ಬಿಟ್ಟರೆ ಇಡೀ ದೇಶ ಬೈಯುತ್ತೆ. ಇಂಥ ಕೆಲಸದ ರುಚಿ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಮಾಡಿದ್ದು ಯಾರ ಕಣ್ಣಿಗೂ ಬೀಳಲ್ಲ, ತಪ್ಪಿದ್ದು ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತೆ.

ಈ ಜಾಗಕ್ಕೆ ಇನ್ನೂ ಎರಡು ವಿಶೇಷ ಇದೆ. ಒಂದು, ಬ್ಯಾಟ್ಸ್‌ಮನ್‌ಗಳಿಗೆ ಐದಾರು ಜಾಗ, ಬೌಲರುಗಳಿಗೆ ನಾಲ್ಕೈದು ಜಾಗ, ಕೀಪರನಿಗೆ ಒಂದೇ ಜಾಗ. ಒಬ್ಬ ಬಂದು ಕೂತರೆ ಇನ್ನೊಬ್ಬನಿಗೆ ಹತ್ತು ಹದಿನೈದು ವರ್ಷ ಬಾಗಿಲು ಬಂದ್. ಎರಡು, ಬ್ಯಾಟ್ಸ್‌ಮನ್‌ಗೆ ರನ್ನಿನ ಲೆಕ್ಕ ಇದೆ, ಬೌಲರಿಗೆ ವಿಕೆಟ್ಟಿನ ಲೆಕ್ಕ ಇದೆ. ಕೀಪರನ ಕೈ ಎಷ್ಟು ಮೆತ್ತಗಿದೆ, ಕಾಲು ಎಷ್ಟು ಚುರುಕಾಗಿದೆ, ಸ್ಪಿನ್ನರ್ ಬೌಲ್ ಮಾಡುವಾಗ ಸ್ಟಂಪಿಗೆ ಅಂಟಿ ಹೇಗೆ ನಿಲ್ತಾನೆ ಅನ್ನೋದಕ್ಕೆ ಸರಿಯಾದ ಲೆಕ್ಕವೇ ಇಲ್ಲ. ಎಲ್ಲ ಆಯ್ಕೆದಾರನ ಕಣ್ಣಳತೆ. ಆ ಕಣ್ಣು ಯಾರದು? ಅದು ಹುಟ್ಟಿ ಬೆಳೆದು ಏನನ್ನು ನೋಡಿ ಅಭ್ಯಾಸ ಮಾಡಿಕೊಂಡಿದೆ? ಇರೋದು ಒಂದೇ ಜಾಗ, ಅಳೆಯೋದು ಕಣ್ಣಲ್ಲಿ. ಇವೆರಡೂ ಕೂಡಿದ ಕಡೆ ಮೆರಿಟ್ ಅನ್ನೋ ಮಾತು ಹೇಗೆ ಬೇಕಾದರೂ ಹಾಗೆ ಬಳುಕುತ್ತೆ.

ದಕ್ಷಿಣ ಆಫ್ರಿಕಾದ ಹಿಂದಿನ ಕಥೆ ಸ್ವಲ್ಪ ತಿಳಿದಿರಬೇಕು. "ಕಪ್ಪು ಜನಕ್ಕೆ ಕ್ರಿಕೆಟ್ ಗೊತ್ತಿಲ್ಲ, ಅವರು ಫುಟ್‌ಬಾಲ್ ಜನ" ಅಂತ ಅಲ್ಲಿನ ಬಿಳಿಯರು ಬಹಳ ಕಾಲ ಹೇಳಿಕೊಂಡು ಬಂದರು. ಇದು ಶುದ್ಧ ಸುಳ್ಳು. ಅಲ್ಲಿನ ಪೂರ್ವ ಕೇಪ್ ಭಾಗದ ಮಿಷನ್ ಶಾಲೆಗಳಲ್ಲಿ ಕಪ್ಪು ಹುಡುಗರು 19ನೇ ಶತಮಾನದಿಂದಲೂ ಕ್ರಿಕೆಟ್ ಆಡಿದ್ದಾರೆ. 1894ರಲ್ಲಿ ದಕ್ಷಿಣ ಆಫ್ರಿಕಾ ತಂಡ ಇಂಗ್ಲೆಂಡಿಗೆ ಹೊರಟಾಗ ಕ್ರೋಮ್ ಹೆಂಡ್ರಿಕ್ಸ್ ಅನ್ನೋ ವೇಗದ ಬೌಲರ್ ಇದ್ದ. ಬಿಳಿಯನಲ್ಲ ಅನ್ನೋ ಕಾರಣಕ್ಕೆ ಅವನನ್ನು ಬಿಟ್ಟರು. ಸಾಮಾನು ನೋಡಿಕೊಳ್ಳುವವನಾಗಿ ಬೇಕಾದರೆ ಬರಲಿ ಅನ್ನೋ ಸಲಹೆಯೂ ಬಂದಿತ್ತು. ಆ ಸ್ವಾಭಿಮಾನಿ ಒಲ್ಲೆ ಅಂದ. ಬಾಲ್ ಹಿಡಿಯೋ ಕೈಗೆ ಪೆಟ್ಟಿಗೆ ಕೊಡೋದು ಎಲ್ಲ ದೇಶದ ಮೇಲಿನವರಿಗೂ ಚೆನ್ನಾಗಿ ಬರುತ್ತೆ.

ಆಮೇಲೆ ವರ್ಣಭೇದ ನೀತಿ ಕಾನೂನೇ ಆಯಿತು. 1968ರಲ್ಲಿ ಬೆಸಿಲ್ ಡಿ'ಒಲಿವೇರಾ ವಿಷಯ ಬಂತು. ಕೇಪ್ ಟೌನಿನಲ್ಲಿ ಹುಟ್ಟಿದ ಮಿಶ್ರವರ್ಣದ ಆಟಗಾರ. ತನ್ನ ದೇಶದಲ್ಲಿ ಜಾಗ ಸಿಗದೆ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಟೆಸ್ಟ್ ತಂಡ ಸೇರಿದ್ದ. ಆ ವರ್ಷ ಓವಲ್ ಮೈದಾನದಲ್ಲಿ 158 ರನ್ ಹೊಡೆದ. ಆದರೂ ದಕ್ಷಿಣ ಆಫ್ರಿಕಾ ಪ್ರವಾಸದ ತಂಡದಲ್ಲಿ ಹೆಸರಿಲ್ಲ! ಇಂಗ್ಲೆಂಡಿನ ಆಯ್ಕೆದಾರರು ಹೇಳಿದ್ದು, ಇದು ಬರೀ ಆಟದ ಲೆಕ್ಕಾಚಾರ ಅಂತ. ಗಲಾಟೆ ಎದ್ದಿತು. ಇನ್ನೊಬ್ಬ ಆಟಗಾರ ಗಾಯಗೊಂಡು ಹೊರಗುಳಿದಾಗ ಡಿ'ಒಲಿವೇರಾನನ್ನು ಸೇರಿಸಿದರು. ಕೂಡಲೇ ಅಲ್ಲಿನ ಪ್ರಧಾನಿ ವೋರ್ಸ್ಟರ್ ಈ ತಂಡವನ್ನು ಬರಗೊಡಲ್ಲ ಅಂದ. ಪ್ರವಾಸವೇ ರದ್ದಾಯಿತು. 1970ರಿಂದ ದಕ್ಷಿಣ ಆಫ್ರಿಕಾ ಟೆಸ್ಟ್ ಲೋಕದಿಂದ ಹೊರಬಿತ್ತು. 1974ರಲ್ಲಿ ಭಾರತದ ಟೆನಿಸ್ ತಂಡ ಡೇವಿಸ್ ಕಪ್ ಫೈನಲ್ ತಲುಪಿದಾಗ ಎದುರಾಳಿ ದಕ್ಷಿಣ ಆಫ್ರಿಕಾ ಆಗಿತ್ತು. ಕಪ್ ಹೋದರೆ ಹೋಗಲಿ ಅಂತ ಭಾರತ ಆಡಲು ನಿರಾಕರಿಸಿತು. ಒಳ್ಳೇ ಕೆಲಸ. ಆ ದೇಶದ ವರ್ಣಭೇದ ಕಂಡ ಕಣ್ಣಿಗೆ ಈ ದೇಶದ ಕೇರಿ ಕಂಡಿದ್ದರೆ ಇನ್ನೂ ಒಳ್ಳೇದಿತ್ತು.

1991ರ ನವೆಂಬರಿನಲ್ಲಿ ಅದೇ ದಕ್ಷಿಣ ಆಫ್ರಿಕಾ ಮತ್ತೆ ಕ್ರಿಕೆಟ್ ಲೋಕಕ್ಕೆ ಕಾಲಿಟ್ಟಿದ್ದು ನಮ್ಮ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ. ಮೈದಾನಕ್ಕಿಳಿದ ಹನ್ನೊಂದೂ ಜನ ಬಿಳಿಯರೇ. ಮೊದಲ ಕಪ್ಪು ಆಫ್ರಿಕನ್ ಟೆಸ್ಟ್ ಆಟಗಾರ ಮಖಾಯಾ ನ್ಟಿನಿ ಬರಬೇಕಾದರೆ 1998 ಆಗಬೇಕಾಯಿತು. ಆ ದೇಶದ ಹತ್ತು ಜನರಲ್ಲಿ ಎಂಟು ಜನ ಕಪ್ಪು ಆಫ್ರಿಕನರು ಅನ್ನೋದನ್ನು ಮರೆಯಬೇಡಿ.

ಈಗ ಕೀಪರನ ಜಾಗಕ್ಕೆ ಬನ್ನಿ. 1992ರಲ್ಲಿ ಟೆಸ್ಟ್ ಆಟ ಮತ್ತೆ ಶುರುವಾದ ಮೇಲೆ ಡೇವ್ ರಿಚರ್ಡ್‌ಸನ್ 42 ಟೆಸ್ಟ್ ಆಡಿದ. ಅವನ ಹಿಂದೆ ಬಂದವನು ಮಾರ್ಕ್ ಬೌಷರ್. 1997ರಲ್ಲಿ ಮೊದಲ ಟೆಸ್ಟ್ ಆಡುವಾಗ ಅವನಿಗೆ 20 ವರ್ಷ. ಒಟ್ಟು 147 ಟೆಸ್ಟು, 555 ಬಲಿ. ಲೋಕದಲ್ಲೇ ಹೆಚ್ಚು. ಬೌಷರ್ ದೊಡ್ಡ ಕೀಪರ್ ಅನ್ನೋದರಲ್ಲಿ ನಮಗೆ ತಕರಾರಿಲ್ಲ. ನಾವು ಹೇಳೋದು ಇಷ್ಟೇ: 20 ವರ್ಷ ಹೆಚ್ಚುಕಮ್ಮಿ ಇಬ್ಬರೇ ಬಿಳಿಯರ ಕೈಯಲ್ಲಿ ಆ ಗ್ಲೌಸು ಇತ್ತು. ನಡುವೆ ಒಂದು ಸಣ್ಣ ಬಿರುಕು ಬಿಟ್ಟಿತು. ಆ ಬಿರುಕಿನಲ್ಲಿ ಒಬ್ಬ ಹುಡುಗ ಒಳಗೆ ಬಂದ.

ಹೆಸರು ಥಾಮಿ ಸೊಲೆಕಿಲೆ. ಕೇಪ್ ಟೌನಿನ ಲಾಂಗಾದವನು. ಲಾಂಗಾ ಅಂದರೆ ಬಿಳಿಯರ ನಗರದ ಹೊರಗೆ ಕಪ್ಪು ಜನಕ್ಕೆ ಅಂತ ಬೇರೆ ಮಾಡಿ ಕಟ್ಟಿದ ವಸತಿ. ಊರ ಹೊರಗಿನ ಕೇರಿ ಅಂದರೆ ನಮಗೆ ಬೇಗ ಅರ್ಥವಾಗುತ್ತೆ. 1960ರ ಮಾರ್ಚ್ 21ರಂದು ಪಾಸ್ ಕಾನೂನಿನ ವಿರುದ್ಧ ಜನ ಎದ್ದಾಗ ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಕೊಂದರು. ಅದೇ ದಿನ ಲಾಂಗಾದಲ್ಲೂ ಗುಂಡು ಹಾರಿತು. ಅಂಥ ಜಾಗದಿಂದ ಬಂದ ಥಾಮಿ ಹಾಕಿಯಲ್ಲೂ ದೇಶಕ್ಕೆ ಆಡಿದವನು. 2004ರಲ್ಲಿ ಬೌಷರನನ್ನು ತಂಡದಿಂದ ಕೈಬಿಟ್ಟಾಗ ಟೆಸ್ಟ್ ಗ್ಲೌಸು ಥಾಮಿಯ ಕೈಗೆ ಬಂತು. ಮೊದಲ ಪಂದ್ಯ ನಮ್ಮ ಕಾನ್ಪುರದಲ್ಲಿ, ಎರಡನೇದು ಕಲ್ಕತ್ತೆಯಲ್ಲಿ, ಮೂರನೇದು ಡಿಸೆಂಬರಿನಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ ಇಂಗ್ಲೆಂಡಿನ ವಿರುದ್ಧ. ದಕ್ಷಿಣ ಆಫ್ರಿಕಾದ ಟೆಸ್ಟ್ ತಂಡದಲ್ಲಿ ವಿಕೆಟ್ಟಿನ ಹಿಂದೆ ಕೂತ ಮೊದಲ ಕಪ್ಪು ಆಫ್ರಿಕನ್.

ಮೂರು ಟೆಸ್ಟು. ಅಷ್ಟೇ. ರನ್ ಬರಲಿಲ್ಲ, ನಿಜ. ಮೂರೂ ಸೇರಿ 50 ಮುಟ್ಟಲಿಲ್ಲ. ಮುಂದಿನ ಟೆಸ್ಟಿಗೆ ಗ್ಲೌಸು ಎ.ಬಿ. ಡಿ ವಿಲಿಯರ್ಸ್ ಕೈಗೆ ಹೋಯಿತು. ಅವನು ಅದಕ್ಕೆ ಹಿಂದಿನ ಪಂದ್ಯದಲ್ಲಿ ತಾನೇ ಮೊದಲ ಟೆಸ್ಟ್ ಆಡಿದ್ದ. ಆ ಸರಣಿ ಮುಗಿಯುವ ಮೊದಲೇ ಬೌಷರ್ ವಾಪಸ್ಸು ಬಂದ. ಬಿರುಕು ಮುಚ್ಚಿತು. ಆಗ ಹಿಡಿದ ಅಳತೆಗೋಲು ಯಾವುದು? ಕೀಪರ್ ಅಂದಮೇಲೆ ರನ್ ಹೊಡೀಬೇಕು ಅನ್ನೋದು. ಆಸ್ಟ್ರೇಲಿಯಾದ ಗಿಲ್‌ಕ್ರಿಸ್ಟ್ 1999ರಲ್ಲಿ ಬಂದ ಮೇಲೆ ಎಲ್ಲ ದೇಶಗಳೂ ಬ್ಯಾಟ್ ಮಾಡೋ ಕೀಪರೇ ಬೇಕು ಅನ್ನಲು ಶುರುಮಾಡಿದ್ದವು. ಸರಿ, ಒಪ್ಪೋಣ.

ಒಪ್ಪಿ, ಇನ್ನೊಂದು ಕಡೆ ನೋಡೋಣ. 2012ರಲ್ಲಿ ಪರ್ತ್‌ನಲ್ಲಿ ಡೀನ್ ಎಲ್ಗರ್ ಅನ್ನೋ ಬಿಳಿಯ ಬ್ಯಾಟ್ಸ್‌ಮನ್ ಮೊದಲ ಟೆಸ್ಟ್ ಆಡಿದ. ಎರಡೂ ಇನ್ನಿಂಗ್ಸಿನಲ್ಲಿ ಸೊನ್ನೆ. ಅವನೇನು ಕೀಪರಲ್ಲ, ರನ್ ಹೊಡೆಯೋದೇ ಅವನ ಕೆಲಸ. ಅವನನ್ನು ಮನೆಗೆ ಕಳಿಸಿದರಾ? ಇಲ್ಲ. ಮತ್ತೆ ಆಡಿಸಿದರು. ಮೂರನೇ ಟೆಸ್ಟಿನಲ್ಲಿ ನೂರು ಹೊಡೆದ. ಮುಂದೆ 86 ಟೆಸ್ಟ್ ಆಡಿದ, ದೇಶದ ನಾಯಕನೂ ಆದ. ಎಲ್ಗರನನ್ನು ಉಳಿಸಿಕೊಂಡಿದ್ದು ತಪ್ಪು ಅಂತ ನಾವು ಹೇಳಲ್ಲ. ಸರಿಯಾಗೇ ಮಾಡಿದರು. ಸೊನ್ನೆ ಹೊಡೆದ ಹುಡುಗನಲ್ಲಿ ಮುಂದಿನ ನಾಯಕನನ್ನು ಕಂಡ ಆ ಕಣ್ಣು, ಆ ತಾಳ್ಮೆ, 2004ರಲ್ಲಿ ಲಾಂಗಾದ ಹುಡುಗನ ವಿಷಯಕ್ಕೆ ಎಲ್ಲಿ ಹೋಗಿತ್ತು? ಇಷ್ಟೇ ನಮ್ಮ ಪ್ರಶ್ನೆ.

ಥಾಮಿ ಸೋತು ಕೂರಲಿಲ್ಲ. ದೇಶದೊಳಗಿನ ಕ್ರಿಕೆಟ್ಟಿನಲ್ಲಿ ಎಂಟು ವರ್ಷ ದುಡಿದ. ಲಯನ್ಸ್ ತಂಡಕ್ಕೆ ಕೀಪಿಂಗ್ ಮಾಡಿದ, ರನ್ನೂ ಹೊಡೆದ. 2012ರಲ್ಲಿ ಅಲ್ಲಿನ ಮಂಡಳಿ ಅವನಿಗೆ ರಾಷ್ಟ್ರೀಯ ಒಪ್ಪಂದ ಕೊಟ್ಟಿತು. ಇಂಗ್ಲೆಂಡ್ ಪ್ರವಾಸ ಮುಗಿಸಿ ಬೌಷರ್ ನಿವೃತ್ತಿಯಾಗೋದು ಅಂತ ಇತ್ತು. ಮುಂದಿನ ಕೀಪರ್ ಥಾಮಿ ಅಂತ ಎಲ್ಲರೂ ತಿಳಿದಿದ್ದರು. ಜುಲೈ 9ರಂದು ಟಾಂಟನ್‌ನಲ್ಲಿ ಅಭ್ಯಾಸ ಪಂದ್ಯ. ಇಮ್ರಾನ್ ತಾಹಿರ್ ಬಾಲಿಗೆ ಸ್ಟಂಪ್ ಎಗರಿ, ಹಾರಿದ ಬೇಲ್ಸ್ ಬೌಷರನ ಎಡಗಣ್ಣಿಗೆ ಬಡಿಯಿತು. ಅವನ ಆಟವೇ ಅಲ್ಲಿಗೆ ಮುಗಿಯಿತು. ಅದು ದುಃಖದ ವಿಷಯ, ಅದರ ಬಗ್ಗೆ ಬೇರೆ ಮಾತಿಲ್ಲ. ಥಾಮಿಯನ್ನು ಇಂಗ್ಲೆಂಡಿಗೆ ಕರೆಸಿದರು. ಹತ್ತು ದಿನ ಬಿಟ್ಟು ಓವಲ್‌ನಲ್ಲಿ ಮೊದಲ ಟೆಸ್ಟ್. ವಿಕೆಟ್ಟಿನ ಹಿಂದೆ ಕೂತಿದ್ದು ಯಾರು? ಡಿ ವಿಲಿಯರ್ಸ್. ಬ್ಯಾಟ್ಸ್‌ಮನ್ ಅಂತ ಹೆಸರಾದವನು, ಬೆನ್ನುನೋವು ಇದ್ದವನು. ಕೀಪರ್ ಅಂತ ಒಪ್ಪಂದ ಪಡೆದವನು ಪೆವಿಲಿಯನ್ನಿನಲ್ಲಿ ಕೂತಿದ್ದ.

ಈ ಸಲ ಹಿಡಿದ ಅಳತೆಗೋಲು 'ತಂಡದ ಸಮತೋಲನ'. ಡಿ ವಿಲಿಯರ್ಸ್ ಗ್ಲೌಸು ಹಾಕಿಕೊಂಡರೆ ಇನ್ನೊಬ್ಬ ಬ್ಯಾಟ್ಸ್‌ಮನ್ ಹೆಚ್ಚಿಗೆ ಸಿಗ್ತಾನೆ ಅನ್ನೋ ಲೆಕ್ಕ. ನಮ್ಮ ಕೆಲವು ಗೆಳೆಯರು ಈಗಲೂ ವಾದ ಮಾಡ್ತಾರೆ: "ತಂಡ ಗೆದ್ದಿತಲ್ಲ! ಇಂಗ್ಲೆಂಡಿನಲ್ಲಿ ಸರಣಿ ಗೆದ್ದು ಒಂದನೇ ಸ್ಥಾನಕ್ಕೆ ಹೋಯಿತಲ್ಲ! 2013ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಪಾಕಿಸ್ತಾನದ ವಿರುದ್ಧ ಡಿ ವಿಲಿಯರ್ಸ್ ಒಂದೇ ಟೆಸ್ಟಿನಲ್ಲಿ 11 ಕ್ಯಾಚ್ ಹಿಡಿದು ವಿಶ್ವದಾಖಲೆ ಸರಿಗಟ್ಟಿದನಲ್ಲ, ಅದೇ ಪಂದ್ಯದಲ್ಲಿ ನೂರನ್ನೂ ಹೊಡೆದನಲ್ಲ!" ಹೌದು, ಇದೆಲ್ಲ ನಿಜ. ಡಿ ವಿಲಿಯರ್ಸ್ ಅಸಾಮಾನ್ಯ ಆಟಗಾರ. ಆದರೆ ಈ ವಾದದಲ್ಲಿ ಒಂದು ತೂತಿದೆ, ಅದನ್ನು ನೋಡಿ.

2012ರ ನವೆಂಬರಿನಲ್ಲಿ ತಂಡ ಆಸ್ಟ್ರೇಲಿಯಾಕ್ಕೆ ಹೋಯಿತು. ಥಾಮಿ ಅಲ್ಲೂ ಜೊತೆಗಿದ್ದ. ಬ್ರಿಸ್ಬೇನ್‌ನಲ್ಲಿ ಡುಮಿನಿ ಕಾಲಿಗೆ ಪೆಟ್ಟಾಗಿ ಹೊರಬಿದ್ದ. ಬ್ಯಾಟಿಂಗಿನಲ್ಲಿ ಒಂದು ಜಾಗ ಖಾಲಿಯಾಯಿತು. ಡಿ ವಿಲಿಯರ್ಸ್‌ನನ್ನು ಬರೀ ಬ್ಯಾಟ್ಸ್‌ಮನ್ ಮಾಡಿ ಥಾಮಿಗೆ ಗ್ಲೌಸು ಕೊಡಬಹುದಿತ್ತು. ಕೊಡಲಿಲ್ಲ. ಅಡಿಲೇಡ್‌ನಲ್ಲಿ ಫಾಫ್ ಡು ಪ್ಲೆಸಿಸ್‌ಗೆ ಮೊದಲ ಟೆಸ್ಟ್ ಸಿಕ್ಕಿತು. ಅವನು 78 ಮತ್ತು ಔಟಾಗದೆ 110 ಹೊಡೆದು ಪಂದ್ಯ ಉಳಿಸಿದ. ಭೇಷ್! ಆದರೆ ಅವನು ಗಟ್ಟಿಗ ಅನ್ನೋದು ಗೊತ್ತಾಗಿದ್ದು ಯಾವಾಗ? ಅವಕಾಶ ಕೊಟ್ಟ ಮೇಲೆ ತಾನೇ? ನೀರಿಗೆ ಇಳಿಸಿದವನು ಈಜಿದ, ದಡದಲ್ಲಿ ನಿಲ್ಲಿಸಿದವನಿಗೆ ಈಜು ಬರೋದಿಲ್ಲ ಅಂತ ತೀರ್ಮಾನ ಮಾಡಿದರು. ಇದಾ ಮೆರಿಟ್? ಡಿ ವಿಲಿಯರ್ಸ್ ಹಿಡಿದ 11 ಕ್ಯಾಚ್ ಅವನ ಕೈಯ ಗುಣ ಹೇಳುತ್ತೆ. ಥಾಮಿ ಎಷ್ಟು ಹಿಡೀತಿದ್ದ ಅನ್ನೋದನ್ನು ಅದು ಹೇಳೋದಿಲ್ಲ. ಆ ಉತ್ತರ ಯಾರ ಹತ್ತಿರವೂ ಇಲ್ಲ, ಯಾಕೆಂದರೆ ಆಡಿಸಲೇ ಇಲ್ಲ.

2013ರ ಹೊತ್ತಿಗೆ ಒಪ್ಪಂದವೂ ಹೋಯಿತು. 2014ರಲ್ಲಿ ಗ್ಲೌಸು ಕ್ವಿಂಟನ್ ಡಿ ಕಾಕ್ ಕೈಗೆ ಬಂತು. ಅವನಿಗೆ 21 ವರ್ಷ, ಥಾಮಿಗೆ 33 ದಾಟಿತ್ತು. ಲೆಕ್ಕ ಹಾಕಿ ನೋಡಿ. 2004ರಲ್ಲಿ ರನ್ ಸಾಲದು ಅಂತ ಹೊರಗೆ. ರನ್ ಕೂಡಿಸಿಕೊಂಡು ಬಂದ, 2012ರಲ್ಲಿ ಸಮತೋಲನ ಅಂತ ಹೊರಗೆ. ಕಾದು ಕೂತ, ಕಾಯುವಷ್ಟರಲ್ಲಿ ವಯಸ್ಸೇ ಕಳೆಯಿತು. ಗೋಲು ಯಾವಾಗಲೂ ಇವನಿಗಿಂತ ಒಂದು ಗೇಣು ಉದ್ದ. ಇವನು ಒಂದು ಗೇಣು ಬೆಳೆದರೆ ಅದು ಇನ್ನೊಂದು ಗೇಣು ಬೆಳೆಯುತ್ತೆ.

ಮುಂದೇನಾಯಿತು ಅಂದರೆ, 2020ರಲ್ಲಿ ವೇಗದ ಬೌಲರ್ ಲುಂಗಿ ಎನ್‌ಗಿಡಿ ಕಪ್ಪು ಜನರ ಪರವಾಗಿ ಮಾತಾಡಿದಾಗ ಕೆಲವು ಹಳೇ ಬಿಳಿಯ ಆಟಗಾರರು ಅವನ ಮೇಲೆ ಬಿದ್ದರು. ಅದಕ್ಕೆ ಎದುರಾಗಿ ಹಳೇ ಕಪ್ಪು ಆಟಗಾರರು ಬಾಯಿ ಬಿಟ್ಟರು. ತಂಡದ ಬಸ್ಸಿನಲ್ಲಿ ಒಂಟಿಯಾಗಿ ಕೂರೋದನ್ನು ತಪ್ಪಿಸಿಕೊಳ್ಳಲು ಹೋಟೆಲ್ಲಿನಿಂದ ಮೈದಾನಕ್ಕೆ ಓಡಿಕೊಂಡೇ ಹೋಗುತ್ತಿದ್ದೆ ಅಂತ ನ್ಟಿನಿ ಹೇಳಿದ. 101 ಟೆಸ್ಟ್ ಆಡಿದ ದೊಡ್ಡ ಬೌಲರನ ಪಾಡು ಇದು! 2021ರಲ್ಲಿ ವಕೀಲ ಡುಮಿಸಾ ನ್ಟ್ಸೆಬೆಜಾ ಮುಂದೆ ವಿಚಾರಣೆ ನಡೆಯಿತು. ಥಾಮಿ ಹೋಗಿ ಹೇಳಿಕೆ ಕೊಟ್ಟ. ಆ ಡಿಸೆಂಬರಿನಲ್ಲಿ ಬಂದ ವರದಿ, ಮಂಡಳಿಯೂ ಆಗಿನ ನಾಯಕ ಗ್ರೇಮ್ ಸ್ಮಿತ್‌ನೂ ಕೆಲವು ಆಯ್ಕೆದಾರರೂ ಥಾಮಿಯ ಕೈಬಿಟ್ಟರು ಅನ್ನೋ ಅಭಿಪ್ರಾಯ ಕೊಟ್ಟಿತು. ಆದರೆ ಕೊನೇ ತೀರ್ಪು ಕೊಡೋ ಅಧಿಕಾರ ಅದಕ್ಕಿರಲಿಲ್ಲ. 2022ರ ಏಪ್ರಿಲಿನಲ್ಲಿ ಮಧ್ಯಸ್ಥಗಾರರು ಸ್ಮಿತ್ ವಿಷಯ ವಿಚಾರಿಸಿ, ಅವನು ಜನಾಂಗದ್ವೇಷದಿಂದ ನಡೆದುಕೊಂಡ ಅನ್ನೋದಕ್ಕೆ ಆಧಾರ ಇಲ್ಲ ಅಂದರು. ಥಾಮಿಯ ಆಯ್ಕೆಯ ವಿಷಯವೂ ಅದರಲ್ಲಿ ಸೇರಿತ್ತು. ಮೇ ತಿಂಗಳಲ್ಲಿ ಬೌಷರ್ ಮೇಲಿನ ಆರೋಪಗಳನ್ನೂ ಮಂಡಳಿ ಹಿಂತೆಗೆದುಕೊಂಡಿತು.

ಇದನ್ನು ನಾವು ಮುಚ್ಚಿಡಬಾರದು. ಸ್ಮಿತ್ ನಿರಪರಾಧಿ ಅಂತ ತೀರ್ಮಾನವಾಗಿದೆ, ಸರಿ. ನಮ್ಮ ಜಗಳ ಒಬ್ಬ ವ್ಯಕ್ತಿಯ ಮೇಲಲ್ಲ. ನಾಯಕನದು ತಪ್ಪಿಲ್ಲ, ಕೋಚನದು ತಪ್ಪಿಲ್ಲ, ಆಯ್ಕೆದಾರರದು ತಪ್ಪಿಲ್ಲ, ಮಂಡಳಿಯದು ತಪ್ಪಿಲ್ಲ. ಯಾರದೂ ತಪ್ಪಿಲ್ಲ, ಆದರೂ ಬಾಗಿಲು ಮಾತ್ರ ತೆರೆಯಲಿಲ್ಲ! ಈ ಮಾಯೆ ನಮಗೆ ಹೊಸದಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮೀಸಲು ಹುದ್ದೆಗೆ ಸಂದರ್ಶನ ಆಗುತ್ತೆ. ಪಿಎಚ್.ಡಿ. ಇದ್ದವರು, ನೆಟ್ ಪಾಸಾದವರು ಬಂದು ಕೂರ್ತಾರೆ. ಕೊನೆಗೆ 'ನಾಟ್ ಫೌಂಡ್ ಸೂಟಬಲ್' ಅಂತ ಒಂದು ಷರಾ ಬರೀತಾರೆ. ಯೋಗ್ಯರು ಸಿಗಲಿಲ್ಲವಂತೆ! ಹುದ್ದೆ ಬ್ಯಾಕ್‌ಲಾಗ್ ಆಗಿ ಕೊಳೆಯುತ್ತೆ. ಬರೆದವರಲ್ಲಿ ಒಬ್ಬನೂ ತಾನು ಜಾತಿವಾದಿ ಅಂತ ಒಪ್ಪೋದಿಲ್ಲ. ಕಣ್ಣಳತೆಗೆ ಸಾಕ್ಷಿ ಎಲ್ಲಿಂದ ತರೋದು?

ಒಂದೇ ಜಾಗದ ಮಾತೂ ನಮಗೆ ಹೊಸದಲ್ಲ. ಒಂದೇ ಹುದ್ದೆ ಇರುವ ಕಡೆ ಮೀಸಲಾತಿ ಮಾಡಿದರೆ ಅದು ನೂರಕ್ಕೆ ನೂರು ಮೀಸಲಾತಿ ಆಗುತ್ತೆ, ಹಾಗಾಗಿ ಕೂಡದು ಅಂತ 1998ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಹೇಳಿತು. ಸರಿ. ಆದರೆ ಆ ಒಂದು ಹುದ್ದೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಒಂದೇ ಬಗೆಯ ಜನ ಕೂತರೆ ಅದೂ ನೂರಕ್ಕೆ ನೂರು ಮೀಸಲಾತಿಯೇ ಅಲ್ಲವಾ? ಅದಕ್ಕೆ ಮಾತ್ರ ಮೀಸಲಾತಿ ಅನ್ನೋ ಹೆಸರಿಲ್ಲ. ಅದರ ಹೆಸರು ಮೆರಿಟ್.

ಇನ್ನು ಒಂದು ಕಹಿ ಮಾತು. 2016ರಲ್ಲಿ ಥಾಮಿಗೆ 12 ವರ್ಷ ನಿಷೇಧ ಬಿತ್ತು. 2015ರ ದೇಶೀ ಟಿ-20 ಪಂದ್ಯಾವಳಿಯ ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಅವನ ಪಾತ್ರ ಇತ್ತು. "ನೋಡಿ, ಇಂಥವನ ಪರವಾಗಿ ಮಾತಾಡ್ತೀರಾ?" ಅಂತ ಕೇಳೋರು ಇದ್ದಾರೆ. ಆ ತಪ್ಪನ್ನು ನಾವು ತೊಳೆಯಲು ಹೋಗೋದಿಲ್ಲ. ಅನ್ಯಾಯವಾಯಿತು ಅಂತ ಆಟವನ್ನು ಮಾರಿಕೊಳ್ಳೋದು ಹೋರಾಟ ಅಲ್ಲ. ಅದು ತನ್ನ ಹಿಂದೆ ಬರೋ ಹುಡುಗರಿಗೆ ಮಾಡಿದ ದ್ರೋಹ. ಆದರೆ ಕಾಲವನ್ನು ಹಿಂದುಮುಂದು ಮಾಡಬೇಡಿ. 2012ರಲ್ಲಿ ಅವನನ್ನು ಕೂರಿಸಿದಾಗ 2015 ಇನ್ನೂ ಬಂದಿರಲಿಲ್ಲ. ಆಮೇಲೆ ಮಾಡಿದ ತಪ್ಪನ್ನು ಮೊದಲು ಆದ ಅನ್ಯಾಯಕ್ಕೆ ಕಾರಣ ಮಾಡೋದು ಯಾವ ನ್ಯಾಯ? ಬಿಳಿಯ ನಾಯಕ ಹ್ಯಾನ್ಸಿ ಕ್ರೋನಿಯೆ 2000ದಲ್ಲಿ ಬುಕ್ಕಿಗಳಿಂದ ಹಣ ತೆಗೆದುಕೊಂಡಿದ್ದು ಬಯಲಾಯಿತು. ಅದಕ್ಕಾಗಿ ಬಿಳಿಯರು ನಾಯಕರಾಗಲು ಯೋಗ್ಯರಲ್ಲ ಅಂತ ಯಾರಾದರೂ ಹೇಳಿದರಾ? ಅವರಲ್ಲಿ ಒಬ್ಬ ಕೆಟ್ಟರೆ ಒಬ್ಬ ಕೆಟ್ಟ. ನಮ್ಮಲ್ಲಿ ಒಬ್ಬ ಕೆಟ್ಟರೆ ಇಡೀ ಕೇರಿ ಕೆಟ್ಟಿತು!

ಕೀಪರ್ ರನ್ ಹೊಡೀಬೇಕು ಅನ್ನೋ ಅಳತೆಗೋಲನ್ನು ಇನ್ನೊಂದು ಸಲ ಕೈಗೆತ್ತಿಕೊಳ್ಳೋಣ. ಬ್ಯಾಟಿಂಗ್ ಕಲಿಯಬೇಕಾದರೆ ಏನೇನು ಬೇಕು? ಒಳ್ಳೇ ಪಿಚ್ಚು, ನೆಟ್ಟು, ಬ್ಯಾಟು, ಪ್ಯಾಡು, ಕೋಚು, ಬೌಲ್ ಮಾಡಿಕೊಡೋ ನಾಲ್ಕು ಜನ. ಇದೆಲ್ಲ ಯಾರ ಶಾಲೆಯಲ್ಲಿತ್ತು? ಬಿಳಿಯರ ಶಾಲೆಯಲ್ಲಿ. ಲಾಂಗಾದ ಬೀದಿಯಲ್ಲಿ ಬಾಲ್ ಹಿಡಿಯೋದನ್ನು ಕಲಿಯಬಹುದು. ಟೆಸ್ಟ್ ಬೌಲರುಗಳಿಗೆ ಆರು ಗಂಟೆ ಎದುರು ನಿಲ್ಲೋದನ್ನು ಕಲಿಯಲು ಮೈದಾನ ಬೇಕು. ಮೈದಾನ ಕೊಡದೆ ರನ್ ಕೇಳಿದರೆ ಅದು ಅಳತೆಯಲ್ಲ, ಬೇಲಿ.

ಈ ಬೇಲಿ ಹಾಕಿಸಿಕೊಂಡ ಹಿರಿಯರೊಬ್ಬರು ನಮ್ಮ ಮಣ್ಣಿನಲ್ಲೇ ಹುಟ್ಟಿದ್ದರು. ಪಾಲ್ವಂಕರ್ ಬಾಲೂ. ಹುಟ್ಟಿದ್ದು ಧಾರವಾಡದಲ್ಲಿ, ಬೆಳೆದಿದ್ದು ಪೂನಾದಲ್ಲಿ. ಚರ್ಮ ಹದಮಾಡುವವರ ಜಾತಿ. ಪೂನಾದ ಯುರೋಪಿಯನ್ನರ ಕ್ಲಬ್ಬಿನಲ್ಲಿ ಪಿಚ್ ಉರುಳಿಸೋದು, ನೆಟ್ ಕಟ್ಟೋದು, ಸಾಹೇಬರಿಗೆ ಗಂಟೆಗಟ್ಟಲೆ ಬೌಲ್ ಮಾಡೋದು ಅವರ ಕೆಲಸ. ಬ್ಯಾಟ್ ಮಾತ್ರ ಕೈಗೆ ಕೊಡುತ್ತಿರಲಿಲ್ಲ. ಬೌಲಿಂಗ್ ದುಡಿಮೆ, ಅದು ಇವರಿಗೆ. ಬ್ಯಾಟಿಂಗ್ ದೊರೆಗಳ ಆಟ, ಅದು ಅವರಿಗೆ. ಮುಂದೆ ಹಿಂದೂ ತಂಡದವರು ಗೆಲ್ಲಲು ಬಾಲೂ ಕೈ ಬೇಕು ಅಂತ ಕರೆದರು. ಮೈದಾನದಲ್ಲಿ ಅವರು ಮುಟ್ಟಿದ ಬಾಲನ್ನು ಮುಟ್ಟಿದರು. ಚಹಾದ ಹೊತ್ತಿಗೆ ಅವರಿಗೆ ಹೊರಗೆ ಬೇರೆ ಕುಡಿಕೆ ಇಟ್ಟರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದರೆ ಹಿಂದೂ ತಂಡದ ನಾಯಕನ ಪಟ್ಟ, ಅದೂ ಒಂದೇ ಜಾಗ ನೋಡಿ, ಅವರಿಗೆ ಕೊನೆಗೂ ಕೊಡಲಿಲ್ಲ. ಆ ಮನೆಯ ಅಣ್ಣತಮ್ಮಂದಿರು ಸುಮ್ಮನಿರಲಿಲ್ಲ. 1920ರಲ್ಲಿ ಬಾಲೂ ತಮ್ಮಂದಿರಾದ ವಿಠಲ ಮತ್ತು ಶಿವರಾಮ ತಂಡ ಬಿಟ್ಟು ಹೊರಗೆ ಬಂದು ಪ್ರತಿಭಟಿಸಿದರು. 1923ರಲ್ಲಿ ವಿಠಲ ನಾಯಕರಾದರು. ತಂಡ ಗೆದ್ದಿತು. ಕೇಳಿದ್ದಕ್ಕೆ ಸಿಕ್ಕಿತು, ಸುಮ್ಮನೆ ಕೂತಿದ್ದರೆ ಸಿಗುತ್ತಿರಲಿಲ್ಲ.

ತಾಳ್ಮೆ ತೋರಿಸಿದರೆ ಏನಾಗುತ್ತೆ ಅನ್ನೋದಕ್ಕೂ ಲಾಂಗಾದಲ್ಲೇ ಉತ್ತರ ಇದೆ. ಟೆಂಬಾ ಬವುಮಾ ಅದೇ ಲಾಂಗಾದ ಹುಡುಗ. 2016ರ ಜನವರಿಯಲ್ಲಿ ಟೆಸ್ಟಿನಲ್ಲಿ ನೂರು ಹೊಡೆದ ಮೊದಲ ಕಪ್ಪು ಆಫ್ರಿಕನ್ ಆದ. ಎರಡನೇ ನೂರು ಬರಲು 2023ರ ಮಾರ್ಚ್ ಆಯಿತು. ಆ ಏಳು ವರ್ಷ ಅವನನ್ನು 'ಕೋಟಾ ಆಟಗಾರ' ಅಂತ ಆಡಿಕೊಂಡವರಿಗೆ ಲೆಕ್ಕವಿಲ್ಲ. ಅವನ ಕುಳ್ಳು ಮೈಯನ್ನೂ ಬಿಡಲಿಲ್ಲ. ಆದರೂ ಈ ಸಲ ಉಳಿಸಿಕೊಂಡರು. ಫಲ ಏನು? 2025ರ ಜೂನ್ 14ರಂದು ಲಾರ್ಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯಾವನ್ನು ಐದು ವಿಕೆಟ್ಟಿನಿಂದ ಸೋಲಿಸಿ ವಿಶ್ವ ಟೆಸ್ಟ್ ಗದೆಯನ್ನು ಎತ್ತಿ ಹಿಡಿದ ನಾಯಕ ಇದೇ ಬವುಮಾ. 282 ರನ್ ಬೆನ್ನಟ್ಟುವಾಗ ತೊಡೆಯ ನೋವಿನಲ್ಲಿ ಕುಂಟುತ್ತಾ 66 ಹೊಡೆದ. ಒಂಬತ್ತು ವಿಕೆಟ್ ಕಿತ್ತವನು ರಬಾಡಾ, ಅವನೂ ಕಪ್ಪು ಆಫ್ರಿಕನ್. ನೂರು ಹೊಡೆದವನು ಮಾರ್ಕ್ರಮ್, ಬಿಳಿಯ. ಗೆಲುವಿನ ರನ್ ಹೊಡೆದವನು ಕೀಪರ್ ಕೈಲ್ ವೆರೇನ್, ಅವನೂ ಬಿಳಿಯ. ನಮಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಎಲ್ಲರೂ ಸೇರಿ ಗೆದ್ದರು. ಕಪ್ಪು ಜನ ಬಂದರೆ ತಂಡ ಕೆಡುತ್ತೆ ಅನ್ನೋರ ಬಾಯಿಗೆ ಆ ದಿನ ಬೀಗ ಬಿತ್ತು.

ಗೆಳೆಯರೇ, ಮೆರಿಟ್ ಬೇಡ ಅಂತ ನಾವು ಯಾವತ್ತೂ ಹೇಳಿಲ್ಲ. ಕ್ಯಾಚ್ ಬಿಡೋ ಕೀಪರ್ ನಮಗೂ ಬೇಡ. ನಾವು ಕೇಳೋದು ನಾಲ್ಕು ಮಾತು. ಅಳತೆ ಏನು ಅನ್ನೋದನ್ನು ಆರಿಸುವ ಮೊದಲೇ ಹೇಳಿ, ಆರಿಸಿದ ಮೇಲಲ್ಲ. ಒಬ್ಬನಿಗೆ ಹಿಡಿದ ಅಳತೆಯನ್ನೇ ಇನ್ನೊಬ್ಬನಿಗೂ ಹಿಡಿಯಿರಿ. ಒಬ್ಬನಿಗೆ ಎಷ್ಟು ಸಲ ತಪ್ಪಲು ಬಿಟ್ಟಿರೋ ಇನ್ನೊಬ್ಬನಿಗೂ ಅಷ್ಟೇ ಸಲ ಬಿಡಿ. ಕೈಬಿಟ್ಟರೆ ಕಾರಣವನ್ನು ಬರೆದು ಕೊಡಿ. ಕೀಪರನ ಆಯ್ಕೆಗೂ ಇದೇ, ಲೆಕ್ಚರರ್ ಆಯ್ಕೆಗೂ ಇದೇ, ನಿಮ್ಮ ಕಾಲೇಜು ಟೀಮಿಗೂ ಇದೇ. ನಾಳೆ ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಟೀಮಿನ ಪಟ್ಟಿ ಹಚ್ಚಿದಾಗ ಹೆಸರು ಹುಡುಕಿ, ಇಲ್ಲ ಅಂತ ತಲೆ ತಗ್ಗಿಸಿ ವಾಪಸ್ಸು ಬರಬೇಡಿ. ಒಬ್ಬರೇ ಹೋಗಲೂ ಬೇಡಿ. ರೂಮಿನವರನ್ನೆಲ್ಲ ಕರೆದುಕೊಂಡು ಹೋಗಿ ಪಿ.ಟಿ. ಮೇಷ್ಟ್ರನ್ನು ಮರ್ಯಾದೆಯಿಂದಲೇ ಕೇಳಿ: "ಸಾರ್, ಯಾವ ಅಳತೆ ಹಿಡಿದ್ರಿ? ಟ್ರಯಲ್ಸ್‌ನಲ್ಲಿ ನಮ್ಮ ಹುಡುಗನಿಗೆ ಎಷ್ಟು ಬಾಲು ಕೊಟ್ಟಿರಿ? ಆ ಹುಡುಗನಿಗೆ ಎಷ್ಟು ಕೊಟ್ಟಿರಿ?"

ಉತ್ತರ ಬರೋವರೆಗೂ ಅಲ್ಲೇ ನಿಂತಿರಿ. ಓದಿ ಮುಗಿದ ಮೇಲೆ ಈ ಹಾಳೆಯನ್ನು ಪಕ್ಕದ ರೂಮಿನವರಿಗೆ ಕೊಡಿ.